ಹಿತ್ತಲಿನ ಕೈಗೆ ಸಿಗದ ಬೆಕ್ಕುಗಳು: ಸಾಕುವುದೇ, ಸಾಗಿಸುವುದೇ?

ಪ್ರಶ್ನೆ: ನಾವು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಸ್ವಂತ ಮನೆಯಲ್ಲಿದ್ದೇವೆ. ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಬೆಕ್ಕೊಂದು ನಾಲ್ಕು ಮರಿ ಹಾಕಿದೆ. ಮರಿಗಳು ಈಗ ಹೊರಗೆ ಬಂದು ಆಡುತ್ತವೆ, ನಮ್ಮನ್ನು ಕಂಡರೆ ಓಡುತ್ತವೆ. ಇವಲ್ಲದೆ ಇನ್ನೂ ನಾಲ್ಕು ದೊಡ್ಡ ಬೆಕ್ಕುಗಳಿವೆ. ಯಾವುದೂ ಹತ್ತಿರ ಬರುವುದಿಲ್ಲ, ಕೈ ಚಾಚಿದರೆ ಬುಸುಗುಟ್ಟುತ್ತವೆ. ನಮ್ಮ ಅತ್ತೆಯವರು ದಿನವೂ ಹಾಲನ್ನ ಇಡುತ್ತಾರೆ. ಪಕ್ಕದ ಮನೆಯವರು ಹೂಕುಂಡಗಳಲ್ಲಿ ಗಲೀಜು, ರಾತ್ರಿಯೆಲ್ಲ ಕೂಗಾಟ ಎಂದು ಬೇಸತ್ತು, ಗೋಣಿಚೀಲದಲ್ಲಿ ಹಿಡಿದು ದೂರದ ಮಾರುಕಟ್ಟೆಯ ಬಳಿ ಬಿಟ್ಟು ಬನ್ನಿ ಎನ್ನುತ್ತಿದ್ದಾರೆ. ನಾವು ಸಸ್ಯಾಹಾರಿಗಳು. ನಾನು ನಾಲ್ಕು ತಿಂಗಳ ಗರ್ಭಿಣಿಯಾದ್ದರಿಂದ ಮನೆಯವರಿಗೆ ಆತಂಕವಿದೆ. ಇವುಗಳನ್ನು ಸಾಕಬಹುದೇ, ಅಥವಾ ಕಳುಹಿಸಿಬಿಡುವುದೇ ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಕಾಲದ ಮಿತಿ ಇರುವುದು ಒಂದಕ್ಕೆ ಮಾತ್ರ, ಅದು ಮರಿಗಳ ವಿಷಯ. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಬೆಕ್ಕಿನ ಮರಿಯು ಹುಟ್ಟಿದ ಎರಡನೆಯ ವಾರದಿಂದ ಸುಮಾರು ಏಳನೆಯ ವಾರದವರೆಗೆ ಯಾವುದನ್ನು ನೋಡುತ್ತ, ಮೂಸುತ್ತ, ಯಾರ ಕೈಯಿಂದ ಮುಟ್ಟಿಸಿಕೊಳ್ಳುತ್ತ ಬೆಳೆಯುತ್ತದೆಯೋ ಅದನ್ನೆಲ್ಲ ಅಪಾಯವಿಲ್ಲದ್ದು ಎಂದು ಒಪ್ಪಿಕೊಳ್ಳುತ್ತದೆ. ಆ ಅವಧಿಯಲ್ಲಿ ಮನುಷ್ಯರ ಸ್ಪರ್ಶವೇ ಸಿಗದ ಮರಿ ಬೆಳೆದಂತೆ ನಮ್ಮನ್ನು ನಾಯಿಯನ್ನು ಕಂಡಂತೆಯೇ ಕಾಣುತ್ತದೆ. ನಿಮ್ಮ ಹಿತ್ತಲಿನ ದೊಡ್ಡ ಬೆಕ್ಕುಗಳು ಬುಸುಗುಟ್ಟುವುದು ಕೆಟ್ಟ ಸ್ವಭಾವದಿಂದಲ್ಲ. ಅವುಗಳ ಪಾಲಿಗೆ ಆ ಬಾಗಿಲು ಎಂದೋ ಮುಚ್ಚಿದೆ. ಮರಿಗಳ ಪಾಲಿಗೆ ಅದು ಇನ್ನೂ ತೆರೆದಿದೆ. ಮರಿಗಳ ಕಣ್ಣು ತೆರೆಯುವುದು ಏಳರಿಂದ ಹದಿನಾಲ್ಕು ದಿನಗಳೊಳಗೆ, ಹಾಲುಹಲ್ಲು ಕಾಣುವುದು ಮೂರರಿಂದ ನಾಲ್ಕನೆಯ ವಾರದಲ್ಲಿ. ಹೊರಗೆ ಬಂದು ಆಡುತ್ತವೆ, ಕಂಡರೆ ಓಡಿ ಅಡಗುತ್ತವೆ ಎಂದು ನೀವು ಬರೆದಿರುವುದನ್ನು ನೋಡಿದರೆ ಇವಕ್ಕೆ ಐದು ವಾರದ ಆಸುಪಾಸು ಆಗಿರಬೇಕು. ಅಂದರೆ ಇವುಗಳನ್ನು ಮನೆಬೆಕ್ಕುಗಳಾಗಿಸಿ ಬೇರೆ ಮನೆಗಳಿಗೆ ಕೊಡುವ ಉದ್ದೇಶವಿದ್ದರೆ ಮುಂದಿನ ಎರಡು ಮೂರು ವಾರಗಳೇ ಸರಿಯಾದ ಕಾಲ. ಎಂಟು ವಾರ ಕಳೆದ ಮೇಲೆ ಅದು ತಾಳ್ಮೆಯ ಕೆಲಸವಾಗುತ್ತದೆ; ಮೂರು ತಿಂಗಳು ದಾಟಿದ ಮೇಲೆ ಬಹುಪಾಲು ಮರಿಗಳ ವಿಷಯದಲ್ಲಿ ಅದು ಮರಿಗೂ ನಿಮಗೂ ಬರೀ ಸಂಕಟ.

ಇದಕ್ಕಾಗಿ ಮರಿಗಳನ್ನು ಒಂದು ಸಣ್ಣ ಕೋಣೆಯಲ್ಲೋ ದೊಡ್ಡ ಪಂಜರದಲ್ಲೋ ಇಡಬೇಕು. ದೊಡ್ಡ ಹಜಾರದಲ್ಲಿ ಬಿಟ್ಟರೆ ಬೀರುವಿನ ಹಿಂದೆ ಸೇರಿಕೊಂಡು ವಾರಗಟ್ಟಲೆ ಹೊರಗೆ ಬರುವುದಿಲ್ಲ. ಮೊದಲ ಎರಡು ದಿನ ಪಕ್ಕದಲ್ಲಿ ಸುಮ್ಮನೆ ಕುಳಿತು ಮೆಲುದನಿಯಲ್ಲಿ ಮಾತನಾಡಿದರೆ ಸಾಕು. ಆಮೇಲೆ ಚಮಚದ ತುದಿಯಲ್ಲಿ ಆಹಾರ ಹಿಡಿಯುವುದು, ತಿನ್ನುತ್ತಿರುವಾಗ ಬೆನ್ನು ಸವರುವುದು, ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇರಿಸಿಕೊಳ್ಳುವುದು, ಹೀಗೆ ಹಂತಹಂತವಾಗಿ ಮುಂದುವರಿಯಬಹುದು. ಒಬ್ಬರ ಕೈಗಷ್ಟೇ ಒಗ್ಗಿದರೆ ಸಾಲದು, ಮನೆಯ ಮೂರು ನಾಲ್ಕು ಮಂದಿಯ ಕೈ ತಾಗಬೇಕು. ಕೊಡುವಾಗ ಎರಡೆರಡಾಗಿ ಕೊಡುವುದು ನನ್ನ ಸಲಹೆ. ಒಡಹುಟ್ಟಿದ ಜೊತೆಯಿದ್ದರೆ ಹೊಸ ಮನೆಯ ಮೊದಲ ವಾರಗಳು ಸುಲಭವಾಗುತ್ತವೆ. ಆದರೆ ಈ ಕೆಲಸವನ್ನು ನಿಮ್ಮ ಪತಿಯೋ ಬೇರೆ ಯಾರಾದರೂ ಹಿರಿಯರೋ ಮಾಡಲಿ, ಗರ್ಭಿಣಿಯಾದ ನೀವು ಪರಚುವ ಮರಿಗಳಿಂದ ದೂರವಿರಿ. ಮರಿಗಳನ್ನು ತೆಗೆದುಕೊಳ್ಳುವ ಮನೆಗಳು ಮೊದಲೇ ಖಚಿತವಾಗಿರಬೇಕು. ಮನೆ ಸಿಗುವ ಭರವಸೆಯಿಲ್ಲದಿದ್ದರೆ ಮರಿಗಳನ್ನು ತಾಯಿಯ ಜೊತೆಯಲ್ಲೇ ಬಿಡಿ. ಕೈಗೆ ಒಗ್ಗಿಸಿದ ಮರಿಯನ್ನು ಆಮೇಲೆ ಬೀದಿಗೆ ಬಿಡುವುದು ಎರಡೂ ಕಡೆ ಸಲ್ಲದ ಸ್ಥಿತಿಗೆ ತಂದಂತೆ, ಏಕೆಂದರೆ ಅದು ಎಲ್ಲ ಮನುಷ್ಯರನ್ನೂ ನಂಬಿ ಹತ್ತಿರ ಹೋಗುತ್ತದೆ.

ಒಂದು ಎಚ್ಚರಿಕೆ. ತಾಯಿಬೆಕ್ಕು ಕೆಲವು ಗಂಟೆ ಕಾಣದಿದ್ದ ಮಾತ್ರಕ್ಕೆ ಮರಿಗಳು ಅನಾಥವಾದವೆಂದು ಭಾವಿಸಬೇಡಿ. ಅದು ಬೇಟೆಗೆ ಹೋಗಿರುತ್ತದೆ, ಅಥವಾ ನೀವು ಅಲ್ಲಿ ನಿಂತಿರುವುದರಿಂದಲೇ ಹತ್ತಿರ ಬರುತ್ತಿರುವುದಿಲ್ಲ. ಅನುಮಾನವಿದ್ದರೆ ಗೂಡಿನ ಸುತ್ತ ಅಕ್ಕಿಹಿಟ್ಟನ್ನು ತೆಳುವಾಗಿ ಉದುರಿಸಿಟ್ಟು, ಕೆಲವು ಗಂಟೆಗಳ ನಂತರ ಹೆಜ್ಜೆ ಗುರುತು ಮೂಡಿದೆಯೇ ಎಂದು ನೋಡಿ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂದು ನಮ್ಮ ಹಿರಿಯರು ಹೇಳುವುದರಲ್ಲಿ ಎಣಿಕೆಯನ್ನು ಬಿಟ್ಟರೆ ಉಳಿದದ್ದು ನಿಜ: ಗೂಡಿಗೆ ಯಾರೋ ಕೈಹಾಕಿದರೆಂದು ಅನ್ನಿಸಿದ ಕೂಡಲೇ ಅದು ಜಾಗ ಬದಲಿಸುತ್ತದೆ. ದಿನಕ್ಕೆ ಹತ್ತು ಸಲ ಇಣುಕಿದರೆ ಒಂದು ಬೆಳಿಗ್ಗೆ ಕೊಟ್ಟಿಗೆ ಬರಿದಾಗಿರುತ್ತದೆ, ಮರಿಗಳು ಯಾರ ಮನೆಯ ಅಟ್ಟದಲ್ಲಿವೆ ಎಂಬುದೇ ತಿಳಿಯದಂತಾಗುತ್ತದೆ.

ಈಗ ದೊಡ್ಡ ಬೆಕ್ಕುಗಳ ವಿಷಯ. ಇವುಗಳನ್ನು ಮನೆಯೊಳಗೆ ತಂದು ಪಳಗಿಸುವ ಪ್ರಯತ್ನ ಬೇಡ, ಓಡಿಸುವುದೂ ಬೇಡ. ಇದ್ದಲ್ಲೇ ಇರಲಿ, ಆದರೆ ಇನ್ನು ಮುಂದೆ ಮರಿ ಹಾಕದಂತಾಗಲಿ. ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಮರಳಿ ಬಿಡುವ ಕ್ರಮ ಇದು. ಇದನ್ನು ಮಾಡದೆ ಬರೀ ಊಟ ಹಾಕುವುದನ್ನು ನಾನು ಅರ್ಧ ಕರುಣೆ ಎನ್ನುತ್ತೇನೆ. ಕಠಿಣವಾಗಿ ಕೇಳಿಸಿದರೆ ಕ್ಷಮಿಸಿ, ಕಾರಣವನ್ನು ವಿವರಿಸುತ್ತೇನೆ.

ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭದ ಅವಧಿ ಸುಮಾರು 63ರಿಂದ 65 ದಿನ. ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಅದು ಮತ್ತೆ ಬೆದೆಗೆ ಬಂದು ಗಬ್ಬವಾಗಬಲ್ಲದು. ಬೆಕ್ಕಿನ ಬೆದೆ ಹಗಲಿನ ಉದ್ದವನ್ನು ಅವಲಂಬಿಸಿದ್ದು; ಚಳಿದೇಶಗಳಲ್ಲಿ ಚಳಿಗಾಲದಲ್ಲಿ ಅದಕ್ಕೊಂದು ಬಿಡುವು ಸಿಗುತ್ತದೆ. ನಮ್ಮಲ್ಲಿ ವರ್ಷದುದ್ದಕ್ಕೂ ಹಗಲು ಹೆಚ್ಚು ಕುಗ್ಗದ ಕಾರಣ ಅಂಥ ಬಿಡುವು ಇಲ್ಲವೆಂದೇ ಹೇಳಬಹುದು. ಹಾಗಾದರೆ ಹುಟ್ಟಿದ ಮರಿಗಳೆಲ್ಲ ಏನಾಗುತ್ತವೆ? ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹೀಗೆ ಹೊರಗೆ ಬದುಕುವ ಬೆಕ್ಕುಗಳ ಮರಿಗಳನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 169 ಮರಿಗಳ ಪೈಕಿ 127 ಮರಿಗಳು ಆರು ತಿಂಗಳು ತುಂಬುವ ಮೊದಲೇ ಸತ್ತಿದ್ದವು ಅಥವಾ ಕಣ್ಮರೆಯಾಗಿದ್ದವು. ನಾಲ್ಕರಲ್ಲಿ ಮೂರು. ವಾಹನದಡಿ ಸಿಕ್ಕಿ, ನಾಯಿಗಳ ಬಾಯಿಗೆ ಬಿದ್ದು, ಜ್ವರ ಭೇದಿಯಿಂದ ನರಳಿ ಸಾಯುವ ಮರಿಗಳನ್ನು ಮೇಜಿನ ಮೇಲೆ ನೋಡುವ ನನ್ನಂಥ ಪಶುವೈದ್ಯರಿಗೆ, ಹುಟ್ಟದಂತೆ ನೋಡಿಕೊಳ್ಳುವುದೇ ಅತಿ ದೊಡ್ಡ ಉಪಕಾರವೆಂದು ತೋರುತ್ತದೆ.

ಶಸ್ತ್ರಚಿಕಿತ್ಸೆಯಿಂದ ನಿಮ್ಮ ಪಕ್ಕದ ಮನೆಯವರ ದೂರಿನ ಬಹುಪಾಲು ತಾನಾಗಿಯೇ ಇಳಿಯುತ್ತದೆ. ರಾತ್ರಿಯ ಆ ಕೂಗಾಟ ಬೆದೆಗೆ ಬಂದ ಹೆಣ್ಣಿನದು ಮತ್ತು ಅದಕ್ಕಾಗಿ ಕಾದಾಡುವ ಗಂಡುಗಳದು. ಗೋಡೆ, ಗೇಟು, ಹೂಕುಂಡಗಳಿಗೆ ಕಟುವಾಸನೆಯ ಮೂತ್ರ ಸಿಂಪಡಿಸುವುದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯಾಗದ ಗಂಡುಬೆಕ್ಕು. ಕಾದಾಟ ಕಡಿಮೆಯಾದಂತೆ ಕಚ್ಚಿದ ಗಾಯಗಳ ಕೀವುಗಡ್ಡೆಗಳೂ, ಕಡಿತದಿಂದಲೇ ಹೆಚ್ಚಾಗಿ ಹರಡುವ, ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ವೈರಸ್ ಸೋಂಕೂ ಕಡಿಮೆಯಾಗುತ್ತವೆ. ಆದರೆ ಗಂಡುಬೆಕ್ಕಿನ ನಡವಳಿಕೆ ಮರುದಿನವೇ ಬದಲಾಗುವುದಿಲ್ಲ, ಕೆಲವು ವಾರ ಹಿಡಿಯುತ್ತದೆ. ಆ ಅವಧಿಯಲ್ಲಿ ಅದು ಇನ್ನೂ ಗರ್ಭ ಕಟ್ಟಿಸಬಲ್ಲದು ಎಂಬುದನ್ನೂ ನೆನಪಿಡಿ.

ಹಿಡಿಯುವುದು ಹೇಗೆ ಎಂಬುದಕ್ಕೆ ಉತ್ತರ ನಿಮ್ಮ ಅತ್ತೆಯವರಲ್ಲಿದೆ. ಅವರ ದನಿ, ಅವರ ಹೆಜ್ಜೆ, ಅವರು ತಟ್ಟೆ ಇಡುವ ಹೊತ್ತು ಆ ಬೆಕ್ಕುಗಳಿಗೆ ಗೊತ್ತು. ಯಾವುದು ಹೆಣ್ಣು, ಯಾವುದು ಗಬ್ಬವಾಗಿರುವಂತಿದೆ, ಯಾವುದು ಎರಡು ದಿನದಿಂದ ಬಂದಿಲ್ಲ ಎಂಬುದು ಬೇರೆಲ್ಲರಿಗಿಂತ ಅವರಿಗೇ ಚೆನ್ನಾಗಿ ತಿಳಿದಿರುತ್ತದೆ. ತಂತಿಯ ಬೋನೊಂದನ್ನು ತಂದು, ಬಾಗಿಲು ಬೀಳದಂತೆ ಕಟ್ಟಿ, ಒಂದು ವಾರ ಊಟವನ್ನು ಅವರು ಅದರೊಳಗೇ ಇಡಲಿ. ಮೊದಲು ಬಾಗಿಲ ಬಳಿ, ಆಮೇಲೆ ಒಳಗೊಳಗೆ. ಹಿಡಿಯುವ ಹಿಂದಿನ ಸಂಜೆ ಊಟ ನಿಲ್ಲಿಸಬೇಕು, ನೀರು ಇರಲಿ. ಖಾಲಿ ಹೊಟ್ಟೆ ಬೆಕ್ಕನ್ನು ಬೋನಿಗೆ ತರುವುದಕ್ಕೂ ಬೇಕು, ಅರಿವಳಿಕೆಗೂ ಬೇಕು. ಸಣ್ಣ ಮರಿಗಳನ್ನು ಮಾತ್ರ ಅಷ್ಟು ಹೊತ್ತು ಉಪವಾಸ ಇಡಬಾರದು. ಬಾಗಿಲು ಬಿದ್ದ ತಕ್ಷಣ ಹಳೆಯ ಹೊದಿಕೆಯಿಂದ ಬೋನನ್ನು ಪೂರ್ತಿ ಮುಚ್ಚಿ. ಕತ್ತಲಾದ ಕೂಡಲೇ ಬೆಕ್ಕಿನ ಒದ್ದಾಟ ನಿಲ್ಲುವುದನ್ನು ಕಂಡರೆ ನಿಮಗೆ ಆಶ್ಚರ್ಯವಾಗಬಹುದು. ಯಾವ ಕಾರಣಕ್ಕೂ ಬೋನಿನೊಳಗೆ ಕೈ ಹಾಕಬಾರದು, ಬೇರೆ ಬುಟ್ಟಿಗೆ ಬದಲಿಸಲು ಹೋಗಬಾರದು. ಗೋಣಿಚೀಲ ಮತ್ತು ಬಲೆ ಬೇಡವೇ ಬೇಡ. ಕಚ್ಚಿಸಿಕೊಳ್ಳುವುದು ಹೆಚ್ಚಾಗಿ ಹಾಗೆಯೇ.

ವೈದ್ಯರಿಗೆ ಮೊದಲೇ ಫೋನ್ ಮಾಡಿ, ತರುತ್ತಿರುವುದು ಮುಟ್ಟಿಸಿಕೊಳ್ಳದ ಬೆಕ್ಕು ಎಂದು ಸ್ಪಷ್ಟವಾಗಿ ಹೇಳಿ. ಬೋನಿನ ಹೊರಗಿನಿಂದಲೇ ಅರಿವಳಿಕೆ ಚುಚ್ಚುವ ಅಭ್ಯಾಸ ಎಲ್ಲರಿಗೂ ಇರುವುದಿಲ್ಲ. ನಿಮ್ಮ ಊರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಎಂಬ ಪ್ರಾಣಿದಯಾ ಸಂಸ್ಥೆ ಇದೆ. ಬೆಂಗಳೂರಿನ ಓದುಗರಿಗೆ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾ, ಮಂಗಳೂರಿನವರಿಗೆ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಇವೆ. ಇಂಥ ಸಂಸ್ಥೆಗಳಲ್ಲೂ ಸರ್ಕಾರಿ ಪಶು ಆಸ್ಪತ್ರೆಯಲ್ಲೂ ವಿಚಾರಿಸಿದರೆ ಈ ಕೆಲಸ ಬಲ್ಲವರ ಸುಳಿವು ಸಿಗುತ್ತದೆ. ಕರಗುವ ಹೊಲಿಗೆ ಹಾಕಲು ಕೇಳಿಕೊಳ್ಳಿ, ಏಕೆಂದರೆ ಹೊಲಿಗೆ ಬಿಚ್ಚಿಸಲು ಈ ಬೆಕ್ಕು ಎರಡನೆಯ ಸಲ ಸಿಗುವುದಿಲ್ಲ. ಹೆಣ್ಣುಬೆಕ್ಕಿಗೆ ಪಕ್ಕೆಯ ಕಡೆಯಿಂದ ಶಸ್ತ್ರಚಿಕಿತ್ಸೆ ಮಾಡುವ ಪದ್ಧತಿ ನಮ್ಮಲ್ಲಿ ಸಾಕಷ್ಟು ರೂಢಿಯಲ್ಲಿದೆ. ಹಾಲಿರುವ ತಾಯಿಗೆ ಅದು ಅನುಕೂಲ, ಗಾಯವನ್ನು ದೂರದಿಂದ ನೋಡಿ ತಿಳಿಯಲೂ ಅನುಕೂಲ. ಅರಿವಳಿಕೆಯಲ್ಲಿರುವಾಗಲೇ ರೇಬೀಸ್ ಲಸಿಕೆಯನ್ನೂ, ಬೆಕ್ಕುಗಳ ಮೂರು ಮುಖ್ಯ ವೈರಸ್ ರೋಗಗಳ ವಿರುದ್ಧದ ಲಸಿಕೆಯನ್ನೂ ಹಾಕಿಸಿಬಿಡಿ. ಎಡಗಿವಿಯ ತುದಿಯನ್ನು ಸುಮಾರು ಒಂದು ಸೆಂಟಿಮೀಟರಿನಷ್ಟು ನೇರವಾಗಿ ಕತ್ತರಿಸುತ್ತಾರೆ. ಓದಲು ಕ್ರೂರವೆನಿಸುತ್ತದೆ, ಆದರೆ ಬೆಕ್ಕಿಗೆ ಆಗ ಪ್ರಜ್ಞೆ ಇರುವುದಿಲ್ಲ, ಗಾಯ ಬೇಗ ಮಾಯುತ್ತದೆ. ಆ ಗುರುತು ಇಲ್ಲದಿದ್ದರೆ ಅದೇ ಬೆಕ್ಕನ್ನು ಇನ್ನೊಮ್ಮೆ ಹಿಡಿದು, ಇನ್ನೊಮ್ಮೆ ಹೊಟ್ಟೆ ಕೊಯ್ಯುವ ಅನಾಹುತ ನಡೆಯಬಹುದು.

ಮರಳಿ ತಂದ ಮೇಲೆ ಗಂಡನ್ನು ಒಂದು ದಿನ, ಹೆಣ್ಣನ್ನು ಒಂದರಿಂದ ಎರಡು ದಿನ ಮುಚ್ಚಿದ ಬೋನಿನಲ್ಲೇ ಬೆಚ್ಚಗೆ ಇರಿಸಿ, ಪೂರ್ತಿ ಎಚ್ಚರಗೊಂಡು ತಿನ್ನತೊಡಗಿದ ನಂತರ ಹಿತ್ತಲಿನಲ್ಲೇ ಬಿಡಬೇಕು. ಐದು ದೊಡ್ಡ ಬೆಕ್ಕುಗಳಲ್ಲಿ ಮೊದಲು ಹಿಡಿಯಬೇಕಾದ್ದು ಮರಿಗಳ ತಾಯಿಯನ್ನು ಬಿಟ್ಟು ಉಳಿದ ಹೆಣ್ಣುಗಳನ್ನು. ಮರಿಗಳ ತಾಯಿಯನ್ನು, ಮರಿಗಳು ತಾವಾಗಿ ತಿನ್ನಲು ಕಲಿತ ಮೇಲೆ, ಅಂದರೆ ಆರರಿಂದ ಎಂಟು ವಾರದ ನಡುವೆ ಹಿಡಿಯಿರಿ. ಹೆಚ್ಚು ತಡಮಾಡಿದರೆ ಅದು ಮತ್ತೆ ಗಬ್ಬವಾಗಿರುತ್ತದೆ. ಮನೆ ಸಿಗದೆ ತಾಯಿಯ ಜೊತೆಯಲ್ಲೇ ಉಳಿದ ಮರಿಗಳಿಗೂ ನಾಲ್ಕು ತಿಂಗಳು ಅಥವಾ ಎರಡು ಕಿಲೋ ತೂಕ ಆಗುವ ಹೊತ್ತಿಗೆ ಶಸ್ತ್ರಚಿಕಿತ್ಸೆ ಆಗಿಬಿಡಲಿ.

ಪಕ್ಕದ ಮನೆಯವರು ಹೇಳಿದ ಉಪಾಯಕ್ಕೆ ಬರುತ್ತೇನೆ. ಚೀಲದಲ್ಲಿ ತುಂಬಿ ಮೀನು ಮಾರುಕಟ್ಟೆಯ ಬಳಿಯೋ ಹೊಳೆಯಾಚೆಯೋ ಬಿಟ್ಟು ಬರುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದದ್ದು, ಹಾಗೆ ಮಾಡಿದವರಲ್ಲಿ ಹೆಚ್ಚಿನವರು ‘ಅಲ್ಲಿ ತಿನ್ನಲು ಬೇಕಾದಷ್ಟು ಸಿಗುತ್ತದೆ’ ಎಂದು ಮನಸ್ಸಿನಿಂದಲೇ ನಂಬಿರುತ್ತಾರೆ. ಆದರೆ ಬೆಕ್ಕು ಬದುಕುವುದು ಆಹಾರದಿಂದ ಮಾತ್ರವಲ್ಲ, ನೆಲದ ಪರಿಚಯದಿಂದ: ಯಾವ ಗೋಡೆ ಹತ್ತಿದರೆ ನಾಯಿ ಮುಟ್ಟುವುದಿಲ್ಲ, ಮಳೆ ಬಂದರೆ ಯಾವ ಸಂದಿಯೊಳಗೆ ಸೇರಬೇಕು ಎಂಬ ತಿಳಿವಳಿಕೆ ಅದಕ್ಕೆ ಪ್ರಾಣ. ಮಾರುಕಟ್ಟೆಯ ಬಳಿ ಮೊದಲೇ ಬೇರೂರಿರುವ ಬೆಕ್ಕುಗಳು ಹೊಸದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದು ತನ್ನ ಮನೆಯ ದಿಕ್ಕು ಹಿಡಿದು ಹೊರಟು ಮುಖ್ಯರಸ್ತೆಯಲ್ಲಿ ಸಾಯುವುದೇ ಹೆಚ್ಚು. ನಿಮ್ಮ ಹಿತ್ತಲಾದರೂ ಖಾಲಿ ಉಳಿಯುತ್ತದೆಯೇ ಎಂದರೆ ಅದೂ ಇಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದ ದಕ್ಷಿಣ ಭಾಗದ ಕಾಡುಗಳಲ್ಲಿ ಬೆಕ್ಕುಗಳನ್ನು ಸ್ವಲ್ಪಸ್ವಲ್ಪವಾಗಿ ಹಿಡಿದು ಕೊಂದು ನೋಡಿದ ಸಂಶೋಧಕರು 2015ರಲ್ಲಿ ಪ್ರಕಟಿಸಿದಂತೆ, ಆ ಜಾಗಗಳಲ್ಲಿ ಬೆಕ್ಕುಗಳ ಸಂಖ್ಯೆ ಇಳಿಯುವ ಬದಲು ಏರಿತ್ತು. ಹೊರಗಿನವು ಒಳಗೆ ನುಗ್ಗಿದ್ದವು. ಆಹಾರವೂ ಆಸರೆಯೂ ಇರುವ ತಾಣ ಖಾಲಿ ಉಳಿಯುವುದಿಲ್ಲ. ಬರುವ ಹೊಸಬೆಕ್ಕಿಗೆ ಲಸಿಕೆಯೂ ಆಗಿರುವುದಿಲ್ಲ, ಶಸ್ತ್ರಚಿಕಿತ್ಸೆಯೂ ಆಗಿರುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಆವರಣದಲ್ಲಿ 1991ರಿಂದ 2002ರವರೆಗೆ ನಡೆದ ಕೆಲಸ ನನಗೆ ಯಾವಾಗಲೂ ಧೈರ್ಯ ಕೊಡುತ್ತದೆ. ಅಲ್ಲಿ ಒಟ್ಟು 155 ಬೆಕ್ಕುಗಳನ್ನು ಗಮನಿಸಲಾಯಿತು. ಶಸ್ತ್ರಚಿಕಿತ್ಸೆ ಮಾಡಿಸಿ ಮರಳಿ ಬಿಡುತ್ತ, ಮನುಷ್ಯರಿಗೆ ಒಗ್ಗುವಂಥವನ್ನು ಮನೆಗಳಿಗೆ ಕೊಡುತ್ತ ಹೋದಾಗ ಕೊನೆಯಲ್ಲಿ ಆವರಣದಲ್ಲಿ ಉಳಿದದ್ದು 23. ಅವುಗಳಲ್ಲಿ ಹೆಚ್ಚಿನವು ಆರು ವರ್ಷಕ್ಕೂ ಮೇಲ್ಪಟ್ಟು ಅಲ್ಲೇ ಬದುಕಿದ್ದವು. ಸುಮಾರು ಅರ್ಧದಷ್ಟು ಬೆಕ್ಕುಗಳಿಗೆ ಮನೆ ಸಿಕ್ಕಿದ್ದೂ ಆ ಫಲದಲ್ಲಿ ಸೇರಿದೆ ಎಂಬುದನ್ನು ಮರೆಯಬಾರದು. ಶಸ್ತ್ರಚಿಕಿತ್ಸೆಯೊಂದೇ ಅಷ್ಟನ್ನೂ ಮಾಡಿತೆಂದರೆ ಉತ್ಪ್ರೇಕ್ಷೆಯಾಗುತ್ತದೆ. ನಿಮ್ಮ ಮರಿಗಳ ಬಗ್ಗೆ ನಾನು ಅವಸರ ಮಾಡುತ್ತಿರುವುದು ಈ ಕಾರಣಕ್ಕೇ.

ಕಾನೂನನ್ನೂ ತಿಳಿದಿರಿ, ಆದರೆ ನೆರೆಯವರ ಮುಂದೆ ಅದನ್ನೇ ಮೊದಲ ಮಾತಾಗಿ ಹಿಡಿಯಬೇಡಿ. ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ವಿಷವಿಕ್ಕುವುದು, ಕೊಲ್ಲುವುದು, ಅಂಗಹೀನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿಗೆ ಒಳಪಡುತ್ತದೆ. ಯಾರ ಒಡೆತನಕ್ಕೂ ಸೇರದೆ ಬಡಾವಣೆಯಲ್ಲಿ ಬದುಕುವ ಪ್ರಾಣಿಗಳ ಊಟದ ವ್ಯವಸ್ಥೆಯ ಬಗ್ಗೆ 2023ರ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳು ನಿವಾಸಿಗಳ ಸಂಘಗಳಿಗೂ ಹೊಣೆ ಹೊರಿಸಿವೆ, ಆ ನಿಯಮಗಳ ಹೆಚ್ಚಿನ ಭಾಗ ಬೀದಿನಾಯಿಗಳನ್ನು ಕುರಿತದ್ದಾದರೂ.

ನೆರೆಯವರ ಹೂಕುಂಡಗಳ ದೂರು ನ್ಯಾಯವಾದದ್ದೇ. ಬೆಕ್ಕು ಸಡಿಲವಾದ ಒಣಮಣ್ಣನ್ನು ಹುಡುಕುತ್ತದೆ. ಅದಕ್ಕಿಂತ ಒಳ್ಳೆಯ ಜಾಗವನ್ನು ನಿಮ್ಮ ಹಿತ್ತಲಿನಲ್ಲೇ ಕೊಡಿ: ಮಳೆ ಬೀಳದ ಮೂಲೆಯಲ್ಲಿ, ಊಟದ ಜಾಗದಿಂದ ದೂರ, ಒಂದು ಅಗಲವಾದ ಮರಳಿನ ಪಾತಿ. ಅವರ ಕುಂಡಗಳ ಮಣ್ಣಿನ ಮೇಲೆ ದಪ್ಪ ಜಲ್ಲಿ ಅಥವಾ ಒಡೆದ ಕರಟ ಹಾಸಿದರೆ, ಇಲ್ಲವೇ ಕೋಳಿಬಲೆ ಬಿಗಿದರೆ ಬೆಕ್ಕು ಅಲ್ಲಿ ಕೆದಕುವುದಿಲ್ಲ. ಆ ಖರ್ಚನ್ನೂ ಕೆಲಸವನ್ನೂ ನೀವೇ ವಹಿಸಿಕೊಂಡು ಮಾಡಿಕೊಟ್ಟರೆ ಮಾತು ಸುಲಭವಾಗುತ್ತದೆ. ಬೆಕ್ಕು ಬಾರದಿರಲೆಂದು ಫಿನಾಯಿಲ್ ಸುರಿಯುವುದು, ನುಸಿಗುಳಿಗೆ ಎಸೆಯುವುದು ಮಾತ್ರ ಬೇಡವೆಂದು ಕೈಮುಗಿದು ಕೇಳಿಕೊಳ್ಳಿ. ಫೀನಾಲ್ ಅಂಶವಿರುವ ದ್ರಾವಣ ಪಾದಕ್ಕೆ ಮೆತ್ತಿಕೊಂಡು, ಬೆಕ್ಕು ಅದನ್ನು ನೆಕ್ಕಿ, ನಂಜೇರಿ ಸಾಯುತ್ತದೆ. ಅದನ್ನು ಶರೀರದಿಂದ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ನಿಮ್ಮ ಮನೆಯ ಹಿತ್ತಲನ್ನು ತೊಳೆಯುವಾಗಲೂ ಇದೇ ಮಾತು ಅನ್ವಯಿಸುತ್ತದೆ.

ಹಾಲನ್ನದ ವಿಷಯ ನಿಮ್ಮ ಅತ್ತೆಯವರ ಮನಸ್ಸಿಗೆ ನೋವಾಗದಂತೆ ಹೇಳಬೇಕಾದ್ದು. ಅವರ ತಟ್ಟೆಯಿಂದಲೇ ಆ ಬೆಕ್ಕುಗಳು ಇಷ್ಟು ದಿನ ಉಳಿದಿವೆ. ಆದರೆ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ; ಅನ್ನದಲ್ಲಿ ಅವಕ್ಕೆ ಬೇಕಾದ ಸತ್ವವಿಲ್ಲ. ಬೆಕ್ಕು ಮಾಂಸಾಹಾರದಿಂದ ಮಾತ್ರ ಬದುಕುವಂತೆ ರಚನೆಯಾದ ಪ್ರಾಣಿ. ಟಾರಿನ್ ಎಂಬ ಅಂಶವನ್ನು ಅದರ ದೇಹ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದು ಮಾಂಸ, ಮೀನುಗಳಿಂದಲೇ ಬರಬೇಕು. ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲಗೊಳ್ಳುತ್ತದೆ. ಸಸ್ಯಾಹಾರಿ ಮನೆಯಲ್ಲಿ ಮೀನು ಬೇಯಿಸಿ ಎಂದು ನಾನು ಹೇಳುವುದಿಲ್ಲ. ಬೆಕ್ಕಿಗೆಂದೇ ತಯಾರಾದ ಒಣ ಆಹಾರದ ಪೊಟ್ಟಣ ತಂದರೆ ಅಡುಗೆಮನೆಯ ಮಡಿಗೂ ಧಕ್ಕೆಯಿಲ್ಲ, ಟಾರಿನ್ ಕೊರತೆಯೂ ಆಗುವುದಿಲ್ಲ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ 50ರಿಂದ 60 ಗ್ರಾಂ ಸಾಕು, ಹಾಲೂಡಿಸುವ ತಾಯಿಗೆ ಅದಕ್ಕಿಂತ ಸಾಕಷ್ಟು ಹೆಚ್ಚು ಬೇಕು. ನಾಯಿಯ ಆಹಾರ ಇದಕ್ಕೆ ಬದಲಿಯಲ್ಲ. ಮಾಂಸಾಹಾರಿ ಓದುಗರು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೇರಿಸದೆ ಬೇಯಿಸಿ ಮೂಳೆ ತೆಗೆದ ಕೋಳಿಯನ್ನೋ ಮುಳ್ಳು ತೆಗೆದ ಮೀನನ್ನೋ ಕೊಡಬಹುದು. ಬೂತಾಯಿಯಂಥ ಮೀನನ್ನು ದಿನವೂ ಹಸಿಯಾಗಿ ಹಾಕುವುದು ಒಳ್ಳೆಯದಲ್ಲ, ಅದು ಬಿ1 ಜೀವಸತ್ವವನ್ನು ನಾಶಮಾಡುತ್ತದೆ.

ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಹಗಲಿನಲ್ಲೇ ಊಟ ಇಡಲಿ. ಅರ್ಧ ಗಂಟೆಯ ನಂತರ ಉಳಿದದ್ದನ್ನು ತೆಗೆದುಬಿಡಲಿ. ರಾತ್ರಿಯಿಡೀ ಬಿಟ್ಟ ತಟ್ಟೆಗೆ ಹೆಗ್ಗಣ, ನಾಯಿ, ಪುನುಗು ಎಲ್ಲವೂ ಬರುತ್ತವೆ. ಹಳೆಯ ಹೆಂಚಿನ ಮನೆಗಳ ಅಟ್ಟದ ಮೇಲೆ ರಾತ್ರಿ ಓಡಾಡಿ ಬೆಕ್ಕಿನ ತಲೆಗೆ ಕೆಟ್ಟ ಹೆಸರು ತರುವುದು ಎಷ್ಟೋ ಸಲ ಈ ಪುನುಗೇ. ಇರುವೆ ಮುತ್ತದಂತೆ ತಟ್ಟೆಯನ್ನು ನೀರು ತುಂಬಿದ ಇನ್ನೊಂದು ಅಗಲ ತಟ್ಟೆಯ ನಡುವೆ ಇಡಬಹುದು. ಕುಡಿಯುವ ನೀರನ್ನು ಊಟದ ತಟ್ಟೆಯಿಂದ ಸ್ವಲ್ಪ ದೂರದಲ್ಲಿ, ದಿನವೂ ಬದಲಿಸಿ ಇಡಲಿ. ಸೌದೆ ಕೊಟ್ಟಿಗೆ ಇರುವುದರಿಂದ ಬೇರೆ ಆಸರೆ ಬೇಕಿಲ್ಲ. ಮಳೆಗಾಲದಲ್ಲಿ ಮಾತ್ರ ನೆಲದಿಂದ ಎತ್ತರದಲ್ಲಿ ಒಣ ಬತ್ತದ ಹುಲ್ಲು ತುಂಬಿದ ಮರದ ಪೆಟ್ಟಿಗೆಯೊಂದನ್ನು ಇಡಿ. ಗೋಣಿಚೀಲವೂ ಹಳೆ ಬಟ್ಟೆಯೂ ನೆನೆದರೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತವೆ. ಮಳೆಯ ಬೆಳಿಗ್ಗೆ ಕಾರು ಹೊರಡಿಸುವ ಮೊದಲು ಬಾನೆಟ್ಟನ್ನು ನಾಲ್ಕು ಸಲ ತಟ್ಟುವ ಅಭ್ಯಾಸ ಮಾಡಿಕೊಳ್ಳಿ. ಬೆಚ್ಚಗಿನ ಎಂಜಿನ್ ಪಕ್ಕ ಮರಿಗಳು ಮಲಗಿರುತ್ತವೆ.

ಈಗ ನಿಮ್ಮ ಆರೋಗ್ಯ. ಮನೆಯವರ ಆತಂಕ ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಬಗ್ಗೆ ಇರಬೇಕು. ಗರ್ಭಿಣಿಗೆ ಇದು ಮೊದಲ ಬಾರಿಗೆ ಸೋಂಕಿದರೆ ಮಗುವಿಗೆ ಹಾನಿಯಾಗಬಹುದು ಎಂಬುದು ನಿಜ, ಆದ್ದರಿಂದ ಆತಂಕ ಅಸಂಗತವಲ್ಲ. ಆದರೆ ಬೆಕ್ಕು ಹಿತ್ತಲಿನಲ್ಲಿ ಇದ್ದ ಮಾತ್ರಕ್ಕೆ, ಅದರ ಉಸಿರಿನಿಂದ, ಕೂದಲಿನಿಂದ ಇದು ಬರುವುದಿಲ್ಲ. ಬೆಕ್ಕು ಸಾಮಾನ್ಯವಾಗಿ ತನ್ನ ಮೊದಲ ಸೋಂಕಿನ ನಂತರ ಒಂದರಿಂದ ಮೂರು ವಾರ ಮಾತ್ರ ಮಲದಲ್ಲಿ ಇದರ ತತ್ತಿಗಳನ್ನು ಹೊರಹಾಕುತ್ತದೆ. ಆ ತತ್ತಿಗಳು ಸೋಂಕು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ಬೆಳಿಗ್ಗೆ ಮರಳಿನ ಪಾತಿಯನ್ನು ಶುಚಿಮಾಡಿದರೆ ಅಪಾಯ ಬಹಳ ತಗ್ಗುತ್ತದೆ, ಆದರೆ ಆ ಕೆಲಸ ನೀವು ಮಾಡಬಾರದು. ತೋಟದ ಮಣ್ಣನ್ನು ಬರಿಗೈಯಲ್ಲಿ ಮುಟ್ಟಬೇಡಿ, ಸೊಪ್ಪು ತರಕಾರಿಗಳನ್ನು, ಮುಖ್ಯವಾಗಿ ಹಸಿಯಾಗಿ ತಿನ್ನುವ ಕೋಸಂಬರಿಯ ಸೌತೆಕಾಯಿ, ಕೊತ್ತಂಬರಿಗಳನ್ನು ಚೆನ್ನಾಗಿ ತೊಳೆಯಿರಿ. ನಿಮಗೆ ಹಿಂದೆಯೇ ಈ ಸೋಂಕು ಆಗಿ ರಕ್ಷಣೆ ಬಂದಿದೆಯೇ ಎಂಬುದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು. ಅದು ನಿಮಗೆ ಅಗತ್ಯವೇ ಎಂದು ನಿಮ್ಮ ಪ್ರಸೂತಿ ವೈದ್ಯರನ್ನು ಕೇಳಿ.

ನನಗೆ ಅದಕ್ಕಿಂತ ಹೆಚ್ಚು ಚಿಂತೆ ರೇಬೀಸಿನದು. ನಮ್ಮ ದೇಶದಲ್ಲಿ ಬೆಕ್ಕಿನ ಕಡಿತವನ್ನೂ, ರಕ್ತ ಬಂದ ಪರಚುವಿಕೆಯನ್ನೂ ನಾಯಿಕಡಿತದಷ್ಟೇ ಗಂಭೀರವಾಗಿ ಕಾಣಬೇಕು, ಅದು ಸಣ್ಣ ಮರಿಯದಾಗಿದ್ದರೂ ಸರಿ. ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಕಾಫಿಪುಡಿ ಏನನ್ನೂ ಮೆತ್ತಬೇಡಿ. ರೇಬೀಸ್ ಲಸಿಕೆಗೆ ಗರ್ಭ ಅಡ್ಡಿಯಲ್ಲ, ಗರ್ಭಿಣಿಯೆಂದು ಲಸಿಕೆಯನ್ನು ಮುಂದೂಡುವುದೇ ಅಪಾಯ.

ಈ ಬೆಕ್ಕುಗಳ ಕಾಯಿಲೆಯನ್ನು ದೂರದಿಂದಲೇ ಗುರುತಿಸಬೇಕಾಗುತ್ತದೆ. ತಪ್ಪದೆ ಬರುವ ಬೆಕ್ಕು ಎರಡು ಹೊತ್ತು ಬಾರದಿರುವುದು, ಮೈ ನೆಕ್ಕಿಕೊಳ್ಳದೆ ಕೂದಲು ಜಡೆಗಟ್ಟುವುದು, ಜೊಲ್ಲು, ಕಣ್ಣಿನ ಒಳಮೂಲೆಯಿಂದ ಬಿಳಿಪೊರೆ ಮೇಲೆ ಬರುವುದು ಇವೆಲ್ಲ ಸೂಚನೆಗಳು. ಗಂಡುಬೆಕ್ಕು ಮೂತ್ರಕ್ಕೆ ಕುಳಿತು ತಿಣುಕುತ್ತಿದ್ದು ಏನೂ ಬಾರದಿದ್ದರೆ ಅದು ಅಂದೇ ಚಿಕಿತ್ಸೆಯಾಗಬೇಕಾದ ತುರ್ತು. ಮನೆಯ ಔಷಧಿ ಡಬ್ಬಿಯಿಂದ ಏನನ್ನೂ ಕೊಡಬೇಡಿ: ಒಂದೇ ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ನಾಯಿಯ ಚಿಗಟಕ್ಕೆಂದು ಮಾರುವ ಪರ್ಮೆಥ್ರಿನ್ ಔಷಧವೂ ಹಾಗೆಯೇ. ಮರಿಗಳು ಎರಡು ಮೂರು ದಿನಗಳಲ್ಲಿ ವಾಂತಿ, ಭೇದಿಯಾಗಿ ಒಂದಾದ ಮೇಲೊಂದು ಸತ್ತಾಗ ಪಕ್ಕದ ಮನೆಯವರೇ ವಿಷವಿಟ್ಟರೆಂಬ ಅನುಮಾನ ಬಂದು ಬೀದಿಯಲ್ಲಿ ಜಗಳವಾಗುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಪರೀಕ್ಷಿಸಿದರೆ ಎಷ್ಟೋ ವೇಳೆ ಅದು ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಸ್ ರೋಗ. ಆ ವೈರಸ್ ಒಂದು ವರ್ಷದವರೆಗೂ ಆ ಜಾಗದಲ್ಲಿ ಉಳಿಯಬಲ್ಲದು, ಸಾಮಾನ್ಯ ಸೋಪಿಗೆ ಸಾಯುವುದಿಲ್ಲ. ಬ್ಲೀಚ್ ದ್ರಾವಣ ಬೇಕು. ಮನೆಗೆ ತರುವ ಮರಿಗಳಿಗೆ ಆರರಿಂದ ಎಂಟನೆಯ ವಾರದಲ್ಲೇ ಲಸಿಕೆ ಶುರುಮಾಡಬೇಕೆನ್ನುವುದು ಇದಕ್ಕಾಗಿಯೇ.

ಒಲಿಸಿಕೊಳ್ಳಲಾಗದ ಈ ಬೆಕ್ಕುಗಳೊಡನೆ ಸಂಬಂಧವೇ ಸಾಧ್ಯವಿಲ್ಲವೆಂದು ತಿಳಿಯಬೇಡಿ. ಅವುಗಳ ಕಡೆ ದಿಟ್ಟಿಸಿ ನೋಡಬೇಡಿ, ಅವುಗಳ ಭಾಷೆಯಲ್ಲಿ ಅದು ಬೆದರಿಕೆ. ಕಣ್ಣುಗಳನ್ನು ಅರೆಮುಚ್ಚಿ ನಿಧಾನವಾಗಿ ಮಿಟುಕಿಸಿ ನೋಡಿ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಗೆ ಮಿಟುಕಿಸಿದವರಿಗೆ ಸಾಕುಬೆಕ್ಕುಗಳು ತಾವೂ ಮಿಟುಕಿಸಿ ಉತ್ತರಿಸಿದ್ದವು, ಅಪರಿಚಿತರಾಗಿದ್ದರೂ ಅಂಥವರ ಕೈ ಬಳಿ ಬರಲು ಹೆಚ್ಚು ಒಲವು ತೋರಿದ್ದವು. ನಿಮ್ಮವು ಕೈಯವರೆಗೆ ಬಾರದಿರಬಹುದು, ಆದರೆ ಹತ್ತು ಅಡಿ ದೂರದಲ್ಲಿ ಬೆನ್ನು ತಿರುಗಿಸಿ ನಿಶ್ಚಿಂತೆಯಿಂದ ಮೈ ನೆಕ್ಕಿಕೊಳ್ಳುತ್ತ ಕೂರುವ ದಿನ ಬಂದೇ ಬರುತ್ತದೆ.

ಇನ್ನೊಂದು ಮಾತನ್ನು ನಿಮಗಿಂತ ಹೆಚ್ಚಾಗಿ ಬೇರೆ ಓದುಗರಿಗಾಗಿ ಸೇರಿಸುತ್ತೇನೆ. ನಾನು ಹೇಳಿದ್ದೆಲ್ಲ ಬಡಾವಣೆಯ ಹಿತ್ತಲಿಗೆ ಅನ್ವಯಿಸುವಂಥದು. ಕುಕ್ಕರಹಳ್ಳಿ ಕೆರೆಯಂಥ ಹಕ್ಕಿಗಳ ತಾಣದ ದಂಡೆಯಲ್ಲಿ, ಕಾಡಿನ ಅಂಚಿನಲ್ಲಿ ಬೆಕ್ಕುಗಳಿಗೆ ಊಟ ಹಾಕಿ ಗುಂಪು ಕಟ್ಟಬಾರದು. ಹೊಟ್ಟೆ ತುಂಬಿದ ಬೆಕ್ಕೂ ಹಕ್ಕಿ, ಅಳಿಲು, ಓತಿಕ್ಯಾತಗಳನ್ನು ಕೊಲ್ಲುತ್ತದೆ, ಶಸ್ತ್ರಚಿಕಿತ್ಸೆಯಿಂದ ಬೇಟೆಯ ಪ್ರವೃತ್ತಿ ಅಡಗುವುದಿಲ್ಲ. ಹಾಗೆಯೇ ಕಬ್ಬಿನ ಗದ್ದೆಯ ಕಟಾವಿನಲ್ಲಿ ಸಿಗುವ ಮರಿಗಳು ನಮ್ಮ ಊರಬೆಕ್ಕಿನವಾಗಿರದೆ ಕಾಡುಬೆಕ್ಕಿನವೋ, ಕೆಲವೊಮ್ಮೆ ಚಿರತೆಯವೋ ಆಗಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವ ಅವುಗಳನ್ನು ಮನೆಗೆ ತರದೆ, ಇದ್ದಲ್ಲೇ ಬಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು. ತಾಯಿ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತದೆ.

ನೀವು ಹೆರಿಗೆಗೆ ತವರಿಗೆ ಹೋಗುವ ಮೊದಲು ಐದೂ ಬೆಕ್ಕುಗಳ ಶಸ್ತ್ರಚಿಕಿತ್ಸೆ ಮುಗಿಯುವಂತೆ ಈಗಿನಿಂದಲೇ ದಿನ ಹಾಕಿಕೊಳ್ಳಿ. ವಾರಕ್ಕೊಂದರಂತೆ ಹಿಡಿದರೂ ಎರಡು ತಿಂಗಳೊಳಗೆ ಆಗುವ ಕೆಲಸ. ಯಾವ ಬೆಕ್ಕಿಗೆ ಯಾವ ದಿನ ಶಸ್ತ್ರಚಿಕಿತ್ಸೆ, ಯಾವ ಲಸಿಕೆ ಎಂಬುದನ್ನು ಮೈಬಣ್ಣದ ವಿವರದೊಡನೆ ಒಂದು ಪುಸ್ತಕದಲ್ಲಿ ಬರೆದಿಡಿ, ಸಾಧ್ಯವಾದರೆ ಫೋಟೋ ಅಂಟಿಸಿ. ನೀವಿಲ್ಲದಾಗ ಕಿವಿತುದಿ ಪೂರ್ತಿ ಇರುವ ಹೊಸ ಬೆಕ್ಕೊಂದು ತಟ್ಟೆಯ ಬಳಿ ಕಂಡರೆ, ಬೋನನ್ನು ಯಾವಾಗ ಹೊರತೆಗೆಯಬೇಕೆಂದು ಅತ್ತೆಯವರಿಗೆ ಆ ಪುಸ್ತಕವೇ ಹೇಳುತ್ತದೆ.